ಹೆಣ್ಣು ನವಿಲಿನ ಬೋರ್ಡು

ವಿಶಾಖಪಟ್ಟಣದ ಮೃಗಾಲಯಕ್ಕೆ ಹಕ್ಕಿಗಳ ಬೋರ್ಡು ದಾನ ಮಾಡಲು ಹೊರಟ ನಮ್ಮ ಬ್ಯಾಂಕು, ವಿಜಯವಾಡದಿಂದ ಸಿನಿಮಾ ಕಟೌಟಿನ ಪೇಂಟರನ್ನು ಕರೆಸಿತು. ಬಳ್ಳಾರಿಯ ಅಳಿಯನಾದ್ದರಿಂದ ನನ್ನೊಡನೆ ಅವನದು ಕನ್ನಡದಲ್ಲೇ ಮಾತು. ಒಂದು ಕಣ್ಣು ಮುಚ್ಚಿ, ಕುಂಚವನ್ನು ದೂರ ಹಿಡಿದು, "ಹೀರೋಯಿನ್ ಡಲ್ ಇರಬಾರ್ದು, ಸಾರ್" ಎನ್ನುತ್ತಿದ್ದ.

ಹೆಣ್ಣು ನವಿಲಿನ ಬಣ್ಣ ಮಾಸಲು ಕಂದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಗಂಡಿಗಿಂತ ಉದ್ದನೆಯ ಗರಿ, ಕಾಡಿಗೆ ಕಣ್ಣು, ಗುಲಾಬಿ ಕೆನ್ನೆ ಬರೆದ.

ಉದ್ಘಾಟನೆಗೆ ಬಂದ ಮಂತ್ರಿಗಳು ಬೋರ್ಡು ನೋಡಿ ಚಪ್ಪಾಳೆ ತಟ್ಟಿದರು. ಪಂಜರದತ್ತ ತಿರುಗಿದವರೇ ಮುಖ ಸಿಂಡರಿಸಿದರು.

"ಏಮಯ್ಯಾ, ಇದೇನಾ ಆ ಪಕ್ಷಿ?"

ನಮ್ಮ ಮ್ಯಾನೇಜರು ಬೆವರಿದರು. ಪೇಂಟರು ಮಾತ್ರ ಪಂಜರದ ಬಡಪಾಯಿಯನ್ನೊಮ್ಮೆ ಕನಿಕರದಿಂದ ನೋಡಿ, ಮಂತ್ರಿಗಳಿಗೆ ಕೈಮುಗಿದು ತೆಲುಗಿನಲ್ಲಿ ಹೇಳಿದ:

"ಇನ್ನೂ ಮೇಕಪ್ ಆಗಿಲ್ಲ, ಸಾರ್."