ಮಾತಿನ ಮೇಲೆ ಕೊಳಲು

ಬನಹಟ್ಟಿಯ ನಮ್ಮ ಓಣಿಯಲ್ಲಿ ಮದುವೆ ನಿಶ್ಚಯವಾದರೆ ಮೊದಲು ಮುಹೂರ್ತ ಕೇಳುತ್ತಾರೆ, ಆಮೇಲೆ ನೀಲಕಂಠ ಅವತ್ತು ಖಾಲಿ ಇದ್ದಾನೋ ಎಂದು ಕೇಳುತ್ತಾರೆ. ವಿಡಿಯೋದವನು ಎಂದರೆ ಅವನೇ. ಅವನದು ಪವರ್‌ಲೂಮ್ ಮನೆ. ಮಗ್ಗಗಳ ಖಟಖಟದಲ್ಲಿ ಒಂದು ಲೋಟ ನೀರು ಕೇಳಬೇಕಾದರೂ ಗಂಟಲು ಹರಿದುಕೊಳ್ಳಬೇಕು. ಆ ಗದ್ದಲದಲ್ಲಿ ಬೆಳೆದದ್ದಕ್ಕೋ ಏನೋ, ಜನರ ಮಾತೆಂದರೆ ಅವನಿಗೆ ಅಷ್ಟಕ್ಕಷ್ಟೇ. ನನ್ನ ಮದುವೆಯ ವಿಡಿಯೋದಲ್ಲಿ ಸೋದರಮಾವ ಏನೋ ಹೇಳುತ್ತಾನೆ, ಚಪ್ಪರದ ತುಂಬ ಜನ ಬಿದ್ದು ಬಿದ್ದು ನಗುತ್ತಾರೆ, ಕೇಳಿಸುವುದು ಮಾತ್ರ ಸಿನಿಮಾ ಹಾಡು. ಮಾವ ಏನು ಹೇಳಿದನೋ ನೆನಪಿಲ್ಲ, ಕೇಳೋಣವೆಂದರೆ ಅವನೂ ಈಗಿಲ್ಲ. ನೀಲಕಂಠನನ್ನು ಬೈಯುವ ಹಾಗೂ ಇಲ್ಲ. ಹಾಡು ಭಾಳ ಛಲೋ ಹಾಕಿದ್ದೀಯ ಎಂದು ಆಗ ಬೆನ್ನು ತಟ್ಟಿದವನು ನಾನೇ.

ಎರಡು ವರ್ಷದ ಕೆಳಗೆ ಅನಗವಾಡಿಯಿಂದ ಮಾಲಾ ಎಂಬ ಹೆಣ್ಣುಮಗಳು ಅವನನ್ನು ಹುಡುಕಿಕೊಂಡು ಬಂದಳು. ಅವಳ ತಾಯಿ ಸಾತವ್ವ ಡೊಳ್ಳಿನ ಪದ ಹಾಡುವವಳು. ಬೀಳಗಿ ಕಡೆ ಅವಳು ಹಾಡದ ಬೀರೇಶ್ವರನ ಗುಡಿ ಇಲ್ಲ.

“ಅಣ್ಣಾರ, ಮುಂದಿನ ವಾರ ಅವ್ವನ ಗಂಟಲ ಆಪರೇಷನ್ ಐತ್ರಿ,” ಎಂದಳು ಮಾಲಾ. “ಆಮ್ಯಾಲೆ ಧ್ವನಿ ಬರಂಗಿಲ್ಲಂತ ಡಾಕ್ಟರ್ ಹೇಳ್ಯಾರ. ಅದ್ಕೂ ಮೊದಲ ಅವ್ವನ ಧ್ವನಿ ಹಿಡದ ಇಟ್ಟುಬಿಡ್ರಿ.”

ನೀಲಕಂಠನ ಕ್ಯಾಮೆರಾ ರಿಪೇರಿಗೆ ಹೋಗಿತ್ತು. ಜಮಖಂಡಿಯ ಸುಭಾಷನ ಕ್ಯಾಮೆರಾ ಎರವಲು ತಂದ. ಅನಗವಾಡಿಯ ಹೊಳೆದಂಡೆಯ ಗಾಳಿಗೆ ಕ್ಯಾಮೆರಾದಲ್ಲಿ ಬರೀ ಬುಸುಬುಸು ಕೇಳುತ್ತದೆಂದು, ಧ್ವನಿಗೆ ಬೇರೆ ರೆಕಾರ್ಡರ್ ಇಟ್ಟು ಸಾತವ್ವನ ಸೆರಗಿಗೆ ಪುಟ್ಟ ಮೈಕು ಸಿಕ್ಕಿಸಿದ. ಧ್ವನಿ ಆಗಲೇ ಒಡೆದಿತ್ತು, ಆದರೂ ಆಕೆ ಹಾಡಿದಳು. ಒಂದು ಪದ ಮುಗಿದು ಇನ್ನೊಂದಕ್ಕೆ ಡೊಳ್ಳು ಬಿಗಿಯುವ ನಡುವೆ ಎಲೆ ಅಡಿಕೆ ಹಾಕಿಕೊಂಡು ಮಗಳ ಕೂಡ ಮಾತಾಡಿದಳು. ಏನು ಮಾತೆಂದು ನಾನು ಕೇಳಿದ್ದಕ್ಕೆ ನೀಲಕಂಠ, “ಮಾಲಾ ಹುಟ್ಟಿದ ದಿನದ್ದ ಏನೋ ಹೇಳಾಕತ್ತಿದ್ಳೋ. ನಾ ಬ್ಯಾಟರಿ ನೋಡಾಕತ್ತಿದ್ನಿ,” ಎಂದ.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಚಿತ್ರಕ್ಕೂ ಧ್ವನಿಗೂ ಹೊಂದಾಣಿಕೆಯೇ ಇಲ್ಲ. ಶುರುವಿನಲ್ಲಿ ಸರಿಯಾಗೇ ಇದೆ. ಬರುಬರುತ್ತಾ ಧ್ವನಿ ಹಿಂದೆ ಬೀಳುತ್ತದೆ. ಡೊಳ್ಳಿನ ಮೇಲೆ ಕೋಲು ಮೊದಲು ಬೀಳುತ್ತದೆ, ಸದ್ದು ಆಮೇಲೆ. ಕಾರಣ ಇಷ್ಟೇ: ಸುಭಾಷ ಸಿನಿಮಾದಂತೆ ಕಾಣಲಿ ಎಂಬ ಮೋಜಿಗೆ ತನ್ನ ಕ್ಯಾಮೆರಾವನ್ನು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರಕ್ಕೆ ಇಟ್ಟಿದ್ದ. ನೀಲಕಂಠ ಮೊದಲಿನಿಂದಲೂ ಇಪ್ಪತ್ತೈದಕ್ಕೇ ಇಡುವವನು, ಕಂಪ್ಯೂಟರಿಗೂ ಇಪ್ಪತ್ತೈದು ಎಂದೇ ಹೇಳಿದ. ಚಿತ್ರ ಬೇಗ ಬೇಗ ಓಡಿತು, ಧ್ವನಿ ತನ್ನ ಪಾಡಿಗೆ ತಾನು ಬಂತು. ಇದು ಇಪ್ಪತ್ತನಾಲ್ಕರದು ಎಂದು ಒಂದು ಸಲ ತಿಳಿಸಿದ್ದರೆ ಎಲ್ಲವೂ ತಾನಾಗಿ ಕೂಡುತ್ತಿತ್ತು. ಜಮಖಂಡಿಗೆ ಒಂದು ಫೋನ್ ಮಾಡಿದ್ದರೂ ಸಾಕಿತ್ತು. ಆದರೆ ‘ಇಷ್ಟು ಮದುವೆಯ ವಿಡಿಯೋ ಮಾಡಿದವನು, ನಾನು ಯಾರನ್ನು ಕೇಳಲಿ’ ಎಂಬ ಸೊಕ್ಕು ಅವನಿಗೆ. ಈ ಸೊಕ್ಕು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಕೈಯಿಂದಲೇ ಕೂಡಿಸಲು ಕೂತ. ಕೋಲು ಬೀಳುವುದನ್ನು ನೋಡುವುದು, ಸದ್ದನ್ನು ಅಲ್ಲಿಗೆ ತಂದು ಕೂರಿಸುವುದು, ಮುಂದಿನ ನುಡಿಗೆ ಮುಂಚೆ ಉಳಿದ ಚೂರನ್ನು ಕತ್ತರಿಸುವುದು. ಕಣ್ಣು ಕೆಂಪಗಾಗುವ ತನಕ ಮಾಡಿದ. ಪದಗಳೆಲ್ಲ ಹೇಗೋ ಕೂಡಿದವು. ಮಾತಿಗೆ ಬಂದಾಗ ಸೋತ. ಮಾತಿನಲ್ಲಿ ಹಿಡಿದುಕೊಳ್ಳಲು ಡೊಳ್ಳಿನ ಪೆಟ್ಟಿಲ್ಲವಲ್ಲ. ಮದುವೆಗಳಲ್ಲಿ ಮಾಡುವುದನ್ನೇ ಇಲ್ಲೂ ಮಾಡಿದ: ಮಾತು ತೆಗೆದುಹಾಕಿ ಮೇಲೆ ಕೊಳಲು ಹಚ್ಚಿದ. ಮರುದಿನ ಮುಧೋಳದಲ್ಲಿ ಮದುವೆ. ಕ್ಯಾಮೆರಾದ ಕಾರ್ಡು, ರೆಕಾರ್ಡರು, ಕಂಪ್ಯೂಟರು, ಎಲ್ಲ ಅಳಿಸಿ ಜಾಗ ಮಾಡಿಕೊಂಡ.

ಆಪರೇಷನ್ ಆಗಿ ಸಾತವ್ವ ಮನೆಗೆ ಬಂದ ಮೇಲೆ ಪೆನ್‌ಡ್ರೈವ್ ತೆಗೆದುಕೊಂಡು ಅನಗವಾಡಿಗೆ ಹೋದ. ಮಾಲಾ ಟಿವಿಗೆ ಹಾಕಿದಳು. ಕೊರಳಿಗೆ ಬಟ್ಟೆ ಸುತ್ತಿಕೊಂಡಿದ್ದ ಸಾತವ್ವ ಚಾಪೆಯ ಮೇಲೆ ಕೂತು ತನ್ನ ಹಾಡಿಗೆ ತಾನೇ ತೊಡೆ ತಟ್ಟಿದಳು. ಪದ ಮುಗಿಯಿತು. ಟಿವಿಯೊಳಗಿನ ಸಾತವ್ವ ಎಲೆಗೆ ಸುಣ್ಣ ಹಚ್ಚುತ್ತ ಬಾಯಿ ಆಡಿಸಿದಳು, ಕೊಳಲು ಬಂತು. ಮಾಲಾ ಸೌಂಡ್ ಏರಿಸಿದಳು. ಕೊಳಲೇ ಇನ್ನಷ್ಟು ಜೋರಾಯಿತು.

“ಅಣ್ಣಾರ, ಅವ್ವ ಇಲ್ಲಿ ಮಾತಾಡಿದ್ಳಲ್ರಿ?”

“ಅದು ಹೊಂದಲಿಲ್ಲ ತಂಗಿ. ತಗದೆ.”

“ನಿಮ್ಮ ಕಡೆ ಇರಬೇಕಲ್ರಿ? ಹೊಂದಲಿಲ್ಲಂದ್ರೂ ನಡೀತೈತಿ. ಬರೇ ಧ್ವನಿ ಕೊಡ್ರಿ.”

“ಅಳಿಸಿಬಿಟ್ಟೆನವ್ವ.”

ಅವಳು ಜಗಳ ಮಾಡಿದ್ದರೆ ಒಳ್ಳೆಯದಿತ್ತು ಎಂದು ನೀಲಕಂಠ ನನ್ನ ಮುಂದೆ ಎಷ್ಟೋ ಸಲ ಹೇಳಿದ್ದಾನೆ. ಅವಳು ಟಿವಿ ಆರಿಸಿದಳು, ಅಷ್ಟೇ.

“ಹಾಡು ಊರ ಮಂದಿ ಫೋನಿನ್ಯಾಗೆಲ್ಲಾ ಐತ್ರಿ, ಅಣ್ಣಾರ,” ಎಂದಳು. “ಮಾತು ಇದ್ರಾಗಷ್ಟ ಇತ್ತು.”

ಸಾತವ್ವನಿಗೆ ಏನು ತಿಳಿಯಿತೋ. ಅವನ ಕಡೆ ತಿರುಗಿ ತುಟಿ ಆಡಿಸಿದಳು. ಅವನು ಬಗ್ಗಿ ಕಿವಿ ಕೊಟ್ಟ. ಉಸಿರು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಮಾಲಾ ತಾಯಿಯ ಬಾಯನ್ನೇ ನೋಡುತ್ತ ಹೇಳಿದಳು:

“ಛಲೋ ಮಾಡೀಯಪ್ಪಾ, ಉಂಡು ಹೋಗು ಅಂತಾಳ್ರಿ.”

ಒಲ್ಲೆ ಎನ್ನುವ ಮುಖ ಅವನಿಗಿರಲಿಲ್ಲ. ಕೈ ತೊಳೆದು ಬಂದು ಊಟಕ್ಕೆ ಕೂತ.