ನರ್ಸಮ್ಮ ನಾಡಿ ಹಿಡಿದ ದಿನ

ಮೊನ್ನೆ ಶಹಾಪುರದ ದವಾಖಾನೆಯಲ್ಲಿ ಬಿ.ಪಿ. ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿದರು. ಅದರ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರು ಸಗರದಲ್ಲಿ ಎದುರುಮನೆಯಲ್ಲಿದ್ದ ನರ್ಸಮ್ಮ ಕಣ್ಣ ಮುಂದೆ ಬಂದು ನಿಂತಳು. ಇಷ್ಟು ವರ್ಷಗಳ ಮೇಲೆ...

ಆಗ ನನಗೆ ಹದಿನೈದು. ಕಾಲುವೆ ನೀರು ಹೊಲಕ್ಕೆ ಬಂದ ಹೊಸತು. ಅಪ್ಪ ಅವ್ವನನ್ನು ಒಂದು ಮಾತೂ ಕೇಳದೆ ಜೋಳದ ಹೊಲವನ್ನು ಭತ್ತ ಹಚ್ಚುವ ಆಂಧ್ರದವರಿಗೆ ಲೀಸಿಗೆ ಕೊಟ್ಟುಬಿಟ್ಟ. ಅವ್ವ ಅವನ ಜೊತೆ ಮಾತು ಬಿಟ್ಟಳು. ಕಟ್ಟೆಯ ಮೇಲೆ ಅಪ್ಪ, ಒಲೆಯ ಮುಂದೆ ಅವ್ವ, ನಡುವೆ ನಾನು. “ನಿಮ್ಮಪ್ಪಗ ಹೇಳು, ರೊಟ್ಟಿ ಆಗ್ಯಾವ.” “ನಿಮ್ಮವ್ವಗ ಹೇಳು, ನನಗ ಹಸಿವಿಲ್ಲ.” ಕೆಟ್ಟ ಮಾತುಗಳನ್ನು ನಡುಮನೆ ದಾಟುವಷ್ಟರಲ್ಲಿ ಮೆತ್ತಗೆ ಮಾಡಿ ಒಪ್ಪಿಸುತ್ತಿದ್ದೆ.

ಎರಡು ತಿಂಗಳಿಗೆ ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಅವ್ವ ತಾಯತ ಕಟ್ಟಿಸಿದಳು. ಉಹುಂ, ಇಳಿಯಲಿಲ್ಲ. ನರ್ಸಮ್ಮನ ಮನೆಗೆ ಹೋಗಿ ಬಿ.ಪಿ. ಪಟ್ಟಿ ಸುತ್ತಿಸಿಕೊಂಡರೆ ಮಾತ್ರ ಎಲ್ಲ ನೆಟ್ಟಗಿರುತ್ತಿತ್ತು! ಅವಳಿಗೂ ತಲೆಬುಡ ತಿಳಿಯಲಿಲ್ಲ.

ಒಂದು ದಿನ ಅವಳೇ ನಮ್ಮ ಮನೆಗೆ ಬಂದು, ಗಡಿಯಾರ ನೋಡುತ್ತಾ ನನ್ನ ನಾಡಿ ಹಿಡಿದು ಕೂತಳು. ಒಳಗಿನಿಂದ ಅವ್ವ ಕೂಗಿದಳು: “ನಿಮ್ಮಪ್ಪಗ ಹೇಳು, ಉಣ್ಣಾಕ ಮನಿ ಬೇಕು, ಕೇಳಾಕ ಹೆಂಡತಿ ಬ್ಯಾಡೇನಂತ!”

ನರ್ಸಮ್ಮ ತಟ್ಟನೆ ತಲೆ ಎತ್ತಿದಳು.

“ಅಕ್ಕಾರ, ಇಷ್ಟೊತ್ತು ನೆಟ್ಟಗಿದ್ದ ನಾಡಿ ಈಗ ಓಡಾಕತ್ತೈತ್ರಿ. ನಿಮ್ಮಿಬ್ಬರ ಜಗಳ ಈಕಿ ಎದ್ಯಾಗ ಹೊಕ್ಕೈತಿ. ನಿಮ್ಮ ಮಾತು ನೀವ ಆಡ್ಕೋರಿ.”

ಅವ್ವ ಕೆಂಡವಾದಳು. ಅಪ್ಪನೂ ಕಟ್ಟೆಯಿಂದ ಎದ್ದು ಬಂದ. “ಹೌದೇನ, ನಮ್ಮಿಂದ ನಿನಗ ಎದಿಬ್ಯಾನಿ ಬಂದೈತೇನ?” ಎಂದು ಅವ್ವ ಕೇಳಿದಳು. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

“ನನಗೇನೂ ಆಗಿಲ್ಲ. ಈಕಿನ ಸುಳ್ಳು ಹೇಳಾಕತ್ತಾಳ,” ಎಂದುಬಿಟ್ಟೆ.

ಅವಳ ಬೆರಳು ಇನ್ನೂ ನನ್ನ ಮುಂಗೈ ಮೇಲೇ ಇತ್ತು. ಯಾರು ಸುಳ್ಳು ಹೇಳುತ್ತಿದ್ದಾರೆಂದು ಅವಳಿಗೆ ಗೊತ್ತಾಗದೆ ಇದ್ದೀತೆ? ಕೈ ಬಿಟ್ಟು, ಚೀಲ ತೆಗೆದುಕೊಂಡು ಹೋದಳು.

ಅವಳು ಹೊಸ್ತಿಲು ದಾಟಿದ್ದೇ ಅಪ್ಪ ನೇರವಾಗಿ ಅವ್ವನಿಗೆ, “ಎಂಥಾ ಹೆಂಗಸ ಅದು?” ಎಂದ. ಅವ್ವ, “ಹೌದ್ ನೋಡ್ರಿ!” ಎಂದಳು. ನರ್ಸಮ್ಮನನ್ನು ಬೈಯುತ್ತಾ ಬೈಯುತ್ತಾ ಇಬ್ಬರೂ ಒಟ್ಟಿಗೆ ಉಂಡರು. ಎಂಟು ದಿನದಲ್ಲಿ ನನ್ನ ಎದೆ ತಣ್ಣಗಾಯಿತು. ನನ್ನನ್ನು ನೆಟ್ಟಗೆ ಮಾಡಿದ್ದು ಅವಳ ಮಾತೋ, ನನ್ನ ಸುಳ್ಳೋ... ಇವತ್ತಿಗೂ ನನಗೆ ಬಗೆಹರಿದಿಲ್ಲ. ಅವಳ ಮನೆಗೆ ಹೋಗಕೂಡದೆಂದು ಹೇಳಿದ್ದರು, ನಾನೂ ಹೋಗಲಿಲ್ಲ. ಅವಳಿಗೆ ವರ್ಗವಾಗಿ ಸಾಮಾನು ಲಾರಿ ಏರುವಾಗ ಬಾಗಿಲ ಹಿಂದೆ ನಿಂತಿದ್ದೆ.

“ಬಿ.ಪಿ. ಚೊಲೋ ಐತ್ರಿ ಅಮ್ಮಾ, ಮತ್ತ ಯಾಕ ಅಳಾಕತ್ತೀರಿ?” ಎಂದಳು ದವಾಖಾನೆಯ ಹುಡುಗಿ. ಸೆರಗಿನಿಂದ ಕಣ್ಣೊರೆಸಿಕೊಂಡೆ. ನರ್ಸಮ್ಮನನ್ನು ಹುಡುಕಬೇಕು, ತಪ್ಪಾಯಿತು ಅನ್ನಬೇಕು ಅನಿಸುತ್ತದೆ. ಆದರೆ ಯಾರೆಂದು ಕೇಳಿಕೊಂಡು ಹೋಗಲಿ? ನಮಗೆಲ್ಲ ಅವಳು ನರ್ಸಮ್ಮ ಅಷ್ಟೇ. ಅವಳ ಹೆಸರೇನೆಂದು ನಾನು ಒಂದು ದಿನವೂ ಕೇಳಿರಲಿಲ್ಲ.