ಪ್ರಾಂಪ್ಟರ್ ಬಸವಂತರಾಯ

ಮುಂಬಯಿಯ ಸಯನ್ನಿನ ಹವ್ಯಾಸಿ ನಾಟಕ ತಂಡದಲ್ಲಿ ಬಸವಂತರಾಯ ಪ್ರಾಂಪ್ಟರ್ ಆದದ್ದು ನಾಟಕದ ಹುಚ್ಚಿನಿಂದಲ್ಲ, ನಾಯಕಿಯ ಪಾತ್ರ ಮಾಡುವ ಹೆಂಡತಿ ಇಂದ್ರಾಬಾಯಿಯ ಮೇಲೆ ಕಣ್ಣಿಡಲು. ಆಫೀಸು ಬಿಟ್ಟವನೇ ಲೋಕಲ್ ಹಿಡಿದು ತಾಲೀಮಿಗೆ ಬಂದು, ಪರದೆಯ ಮರೆಯಲ್ಲಿ ಸ್ಟೂಲು ಹಾಕಿಕೊಂಡು, ಮಾತು ಎತ್ತಿಕೊಡಲು ಕೂತುಬಿಡುತ್ತಿದ್ದ. ನಾಯಕನ ಪಾತ್ರದ ಧರ್ಮಣ್ಣ ಅವಳ ಕೈ ಹಿಡಿಯುವ ಪುಟ ಬಂದರೆ ಸಾಕು, ಅವನಿಗೆ ಕೆಮ್ಮು. 'ಧರ್ಮಣ್ಣ, ಸರದು ನಿಂದ್ರಪಾ, ಹಿಂದಿನ ಮಂದಿಗೆ ಕಾಣೂದಿಲ್ಲ' ಎಂದು ಖಾಲಿ ಹಾಲಿನಲ್ಲೂ ಕೂಗುತ್ತಿದ್ದ. ಪ್ರಯೋಗದ ದಿನ ಅವಳಿಗೆ ಚಪ್ಪಾಳೆ ತಟ್ಟಿದ ಗಂಡಸರ ಮುಖಗಳನ್ನು ಒಂದೊಂದಾಗಿ ನೆನಪಿಟ್ಟುಕೊಳ್ಳುತ್ತಿದ್ದ. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ, ಮದುವೆಯಾದ ಹೊಸದರಲ್ಲಿ, ಇಂದ್ರಾಬಾಯಿ 'ನೀವು ಸುಮ್ಮ ಕೂಡ್ರಿ, ನನ್ನ ಮಾತು ನನಗ ಗೊತ್ತದ' ಎಂದು ಎಲ್ಲರೆದುರೇ ಗದರುತ್ತಿದ್ದಳು. ಮನೆಗೆ ಹೋದ ಮೇಲೆ ಅವನು ಊಟ ಬಿಡುತ್ತಿದ್ದ, ವಾರಗಟ್ಟಲೆ ಮಾತು ಬಿಡುತ್ತಿದ್ದ. ಏಳು ವರ್ಷಗಳಲ್ಲಿ ಅವಳು ಗದರುವುದನ್ನು ಬಿಟ್ಟಳು. ಎಪ್ಪತ್ತೈದರ ನಾಟಕದಲ್ಲಿ, ನಾಯಕಿ ಗಂಡನಿಗೆ ತಿರುಗಿ ಬೀಳುವ ದೃಶ್ಯದಲ್ಲಿ, ಅವಳು ತಡೆದು ನಿಂತು ಪರದೆಯ ಕಡೆ ನೋಡಿದಳು. 'ಇನ್ನ ನಿಮ್ಮ ಮಾತು ನಡಿಯೂದಿಲ್ಲ' ಎಂದು ಬಸವಂತರಾಯ ಅವಳ ಮಾತನ್ನು ಪಿಸುಗುಟ್ಟಿದ. ಅವಳು ತಲೆ ತಗ್ಗಿಸಿ, ಅವನಷ್ಟೇ ಮೆಲ್ಲಗೆ, ಅದನ್ನು ಹಾಗೆಯೇ ಒಪ್ಪಿಸಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಂದು ಬಸವಂತರಾಯನಿಗೆ ನೆನಪಿಟ್ಟುಕೊಳ್ಳಲು ಒಂದು ಮುಖವೂ ಸಿಗಲಿಲ್ಲ.